ದೊಡ್ಡ ಕ್ರೂಸ್ ಹಡಗಿನ ಊಟ: ಟಿಕೆಟ್‌ನಲ್ಲಿ ಸೇರಿರುವುದೇ ಸಾಕಾಗುತ್ತದೆಯೇ?

ಪ್ರಶ್ನೆ:
ಮುಂದಿನ ತಿಂಗಳು ನಾವು ಏಳು ರಾತ್ರಿಗಳ ಕ್ರೂಸ್ ಪ್ರವಾಸಕ್ಕೆ ಹೊರಟಿದ್ದೇವೆ. ಜೊತೆಯಲ್ಲಿ 72 ವರ್ಷದ ನಮ್ಮ ಅತ್ತೆಯವರೂ ಕಡಲೆಕಾಯಿ ಅಲರ್ಜಿಯಿರುವ 9 ವರ್ಷದ ಮಗನೂ ಇರುತ್ತಾರೆ. ಹಡಗಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಊಟದ ತಾಣಗಳಿದ್ದು, ಯಾವುದು ಟಿಕೆಟ್ ದರದಲ್ಲೇ ಸೇರಿದೆ, ಯಾವುದಕ್ಕೆ ಬೇರೆ ಹಣ ತೆರಬೇಕು ಎಂಬುದು ತಿಳಿಯುತ್ತಿಲ್ಲ. ವಿಶೇಷ ರೆಸ್ಟೋರೆಂಟ್‌ಗಳ ಪ್ಯಾಕೇಜನ್ನು ಈಗಲೇ ಕೊಳ್ಳಬೇಕೇ? ರಾತ್ರಿಯೂಟಕ್ಕೆ ನಿಗದಿತ ಸಮಯ ಒಳ್ಳೆಯದೋ, ಬೇಕೆಂದಾಗ ಹೋಗುವ ವ್ಯವಸ್ಥೆಯೋ?

ಉತ್ತರ 1:
ಮುಖ್ಯ ಭೋಜನಶಾಲೆ, ಬಫೆ ಮತ್ತು ಕೆಲವು ಸಣ್ಣ ಕೆಫೆಗಳು ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಸೇರಿರುತ್ತವೆ. ವಿಶೇಷ ರೆಸ್ಟೋರೆಂಟ್, ಮದ್ಯ ಮತ್ತು ತಂಪು ಪಾನೀಯಗಳಿಗೆ ಹೆಚ್ಚಾಗಿ ಬೇರೆ ಹಣ. ನಿಮ್ಮ ಮಗನ ವಿಷಯದಲ್ಲಿ ನಾನು ನಿಗದಿತ ಸಮಯವನ್ನೇ ಒತ್ತಿ ಹೇಳುತ್ತೇನೆ. ಅಲ್ಲಿ ಪ್ರತಿ ರಾತ್ರಿಯೂ ಅದೇ ಮೇಜು, ಅದೇ ವೇಯ್ಟರ್. ನನ್ನ ಮಗಳಿಗೂ ಇದೇ ಅಲರ್ಜಿ ಇದೆ. ಮೊದಲ ರಾತ್ರಿ ಊಟ ಮುಗಿಯುತ್ತಿದ್ದಂತೆ ಮೇಲ್ವಿಚಾರಕರು ಮರುದಿನದ ಮೆನುವನ್ನು ತಂದು ನಮ್ಮ ಪಕ್ಕದಲ್ಲಿ ನಿಂತರು. ಅವಳು ಬೆರಳಿಟ್ಟು ತೋರಿಸಿದ ಪ್ರತಿಯೊಂದು ತಿನಿಸಿನ ಮುಂದೆಯೂ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಅದನ್ನು ಅಡುಗೆಮನೆಯಲ್ಲಿ ಬೇರೆಯಾಗಿ ತಯಾರಿಸಲು ಹೇಳುವುದಾಗಿ ತಿಳಿಸಿದರು. ಬಫೆಯಲ್ಲಿ ಈ ಭರವಸೆ ಸಿಗುವುದಿಲ್ಲ, ಏಕೆಂದರೆ ಒಂದು ಪಾತ್ರೆಯ ಸೌಟನ್ನು ಯಾರೋ ಇನ್ನೊಂದು ಪಾತ್ರೆಗೆ ಹಾಕಿಬಿಟ್ಟಿರುತ್ತಾರೆ. ಹೊರಡುವ ಮೊದಲೇ ಕಂಪನಿಗೆ ಅಲರ್ಜಿಯ ವಿವರವನ್ನು ಬರೆದು ತಿಳಿಸಿ, ಹಡಗು ಹತ್ತಿದ ಮೇಲೂ ಮತ್ತೊಮ್ಮೆ ಹೇಳಿ.

ಉತ್ತರ 2:
ಅಲರ್ಜಿಯ ಮಾತನ್ನು ಒಪ್ಪುತ್ತೇನೆ, ಆದರೆ ಬಂದರಿನಲ್ಲಿ ಇಳಿದು ಸುತ್ತಾಡಿ ಬಂದ ದಿನ ನಿಗದಿತ ಸಮಯಕ್ಕೆ ಸಿದ್ಧರಾಗಿ ಕೂರುವುದು ವಯಸ್ಸಾದವರಿಗೆ ಕಷ್ಟವಾಗುತ್ತದೆ. ನಾರ್ವೀಜಿಯನ್ ಕ್ರೂಸ್ ಲೈನ್ 2000ದಲ್ಲಿ ಬೇಕೆಂದಾಗ ಊಟ ಮಾಡುವ ಪದ್ಧತಿಯನ್ನು ಆರಂಭಿಸಿದ್ದು ಇಂಥ ಬಿಗಿಯನ್ನು ಸಡಿಲಿಸಲೆಂದೇ. ಅಂಥ ದಿನ ಅತ್ತೆಯವರಿಗೆ ಕೇಬಿನ್ನಿಗೇ ಊಟ ತರಿಸಿಕೊಡಿ. ಅದಕ್ಕೆ ಶುಲ್ಕವಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಪ್ಯಾಕೇಜ್ ಮಾತ್ರ ಬೇಡ. ಏಳು ರಾತ್ರಿಗಳಲ್ಲಿ ಒಂದು ರಾತ್ರಿಗೆ ವಿಶೇಷ ರೆಸ್ಟೋರೆಂಟ್ ಕಾಯ್ದಿರಿಸಿದರೆ ಧಾರಾಳವಾಯಿತು.

ಉತ್ತರ 3:
ಎರಡು ಮಾತು ಸೇರಿಸುತ್ತೇನೆ. 2024ರಲ್ಲಿ ಸಂಚಾರ ಆರಂಭಿಸಿದ ಐಕಾನ್ ಆಫ್ ದ ಸೀಸ್ ಪೂರ್ತಿ ತುಂಬಿದರೆ ಸುಮಾರು 7,600 ಪ್ರಯಾಣಿಕರಿರುತ್ತಾರೆ. ಇಂಥ ಹಡಗುಗಳಲ್ಲಿ ಹತ್ತಿದ ದಿನ ಮಧ್ಯಾಹ್ನ ಹೆಚ್ಚಿನವರು ನೇರವಾಗಿ ಬಫೆಗೇ ಹೋಗುವುದರಿಂದ ಅಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಹಲವು ಹಡಗುಗಳಲ್ಲಿ ಆ ಹೊತ್ತಿಗೆ ಮುಖ್ಯ ಭೋಜನಶಾಲೆಯೂ ತೆರೆದಿರುತ್ತದೆ, ಬಾಗಿಲಲ್ಲಿ ವಿಚಾರಿಸಿ. ಇನ್ನೊಂದು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದನ್ನು ತಪ್ಪಿಸಬೇಡಿ. ವಾಂತಿಭೇದಿ ತರುವ ನೊರೊವೈರಸ್‌ನ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಬೇಗನೆ ಆರಂಭವಾಗುವ ನಿಗದಿತ ಸಮಯವನ್ನೇ ಆರಿಸಿಕೊಂಡು, ಮಗನ ಅಲರ್ಜಿಯ ಬಗ್ಗೆ ಕಂಪನಿಗೆ ಇಂದೇ ಬರೆದಿದ್ದೇನೆ. ಪ್ಯಾಕೇಜನ್ನು ಕೈಬಿಟ್ಟಿದ್ದೇವೆ.