ಕೋಸಂಬಿ ಮರಾಠಿಯಲ್ಲಿ ಯಾಕೆ ಬರೆಯಲಿಲ್ಲ?

ಕೋಥ್ರೂಡ್ ಕನ್ನಡಿಗ: ನಮ್ಮ ಪುಣೆ ಓದುಗರ ಗುಂಪಿನಲ್ಲಿ ಮುಂದಿನ ತಿಂಗಳು ಗಣಿತಜ್ಞ, ಇತಿಹಾಸಕಾರ ಡಿ.ಡಿ. ಕೋಸಂಬಿ ಬಗ್ಗೆ ಮಾತುಕತೆ ಇದೆ. ಅದಕ್ಕೆ ಮೊದಲು ನನ್ನದೊಂದು ತಕರಾರು. 1907ರಲ್ಲಿ ಗೋವಾದಲ್ಲಿ ಹುಟ್ಟಿದವರು. ಕೊಂಕಣಿ, ಮರಾಠಿ, ಸಂಸ್ಕೃತ, ಪಾಲಿ ಎಲ್ಲ ಬರುತ್ತಿತ್ತು, ಯುರೋಪಿನ ಭಾಷೆಗಳೂ. ಪುಣೆ ಸುತ್ತಲಿನ ಹಳ್ಳಿಯವರನ್ನು ಕೇಳಿ ಕೇಳಿ ಇತಿಹಾಸ ಕಟ್ಟಿದರು. ಮುಖ್ಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಮಾಹಿತಿ ಕೊಟ್ಟವರೇ ಓದುವ ಹಾಗಿಲ್ಲ. ಇದು ಸರಿನಾ? ಅಪ್ಪ ಧರ್ಮಾನಂದರು ಬುದ್ಧನ ಚರಿತ್ರೆಯನ್ನು ಮರಾಠಿಯಲ್ಲೇ ಬರೆದರಲ್ಲ!

ಡೊಂಬಿವಲಿ ಲೋಕಲ್: 11ನೇ ವಯಸ್ಸಿಗೆ ಅಪ್ಪನ ಜತೆ ಅಮೆರಿಕಕ್ಕೆ ಹೋದ ಹುಡುಗ. 1929ರಲ್ಲಿ ಹಾರ್ವರ್ಡ್ ಪದವಿ. ಹೊಟ್ಟೆಪಾಡಿಗೆ ಗಣಿತ, ಮೊದಲು ಬೇರೆ ಕಡೆ, ಆಮೇಲೆ ಫರ್ಗ್ಯುಸನ್ ಕಾಲೇಜು, ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಜಗಳ ಇದ್ದದ್ದು ಇಂಗ್ಲಿಷಿನಲ್ಲಿ ಬರೆಯುವ ಪಂಡಿತರ ಜತೆ. ಅವರ ಭಾಷೆಯಲ್ಲೇ ಆಡಿದರು. ಡೆಕ್ಕನ್ ಕ್ವೀನ್ ರೈಲು ಹತ್ತಿ ಪುಣೆ–ಮುಂಬೈ ಓಡಾಡುವವರಿಗೆ ಎರಡೆರಡು ಸಲ ಬರೆಯಲು ಪುರುಸೊತ್ತೆಲ್ಲಿ?

ಕೋಥ್ರೂಡ್ ಕನ್ನಡಿಗ: ಪುರುಸೊತ್ತಿನ ಮಾತು ಬಿಡಿ ಸಾರ್. ನೂರಾರು ಹಸ್ತಪ್ರತಿ ಹೋಲಿಸಿ ಭರ್ತೃಹರಿಯ ಪದ್ಯಗಳನ್ನು ಸಂಪಾದಿಸಲು ಪುರುಸೊತ್ತಿತ್ತಲ್ವಾ?

ಪಿಂಪ್ರಿ ಪಾಟೀಲ: ಸುಮ್ನೆ ಭಾಷೆಗೇ ಅಂಟಿಕೊಂಡಿದ್ದೀರಿ. ಕೆಲಸ ನೋಡಿ. ತಕ್ಷಶಿಲೆಯಲ್ಲಿ ಸಿಕ್ಕ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ರಾಜನ ಹೆಸರೂ ಇಲ್ಲ, ವರ್ಷವೂ ಇಲ್ಲ. ಬರೀ ಮುದ್ರೆ. ಕೈಯಿಂದ ಕೈಗೆ ಹೋದಂತೆ ನಾಣ್ಯ ಸವೆಯುತ್ತದೆ, ತೂಕ ಇಳಿಯುತ್ತದೆ. ಇವರು ಒಂದೊಂದರ ತೂಕ ಹೋಲಿಸಿ, ಯಾವುದು ಹಳೆಯದು, ಯಾವುದು ಆಮೇಲಿನದು ಎಂದು ಲೆಕ್ಕ ಹಾಕಿದರು. ಲೆಕ್ಕ ಸರಿಯೋ ಎಂದು ನೋಡಲು ತಮ್ಮ ಕಾಲದ ಚಲಾವಣೆ ನಾಣ್ಯಗಳನ್ನೂ ಸಾವಿರಗಟ್ಟಲೆ ತೂಗಿದರು. ಇದಕ್ಕೆ ಮರಾಠಿ ಆದರೇನು, ಇಂಗ್ಲಿಷ್ ಆದರೇನು?

ಪುಣೆ–ಮುಂಬೈ ದಾರಿಯ ಕಾರ್ಲೆ ಗುಹೆಗೆ ಹೋದವರಿಗೆ ಗೊತ್ತು, ಬೌದ್ಧರ ಪ್ರಾರ್ಥನಾ ಗುಹೆಯಾದ ಚೈತ್ಯದ ಬಾಗಿಲಲ್ಲೇ ಏಕವೀರಾ ದೇವಿಯ ಗುಡಿ. ಮುಂಬೈ ಕಡೆಯ ಮೀನುಗಾರರು ಗುಡಿಗೆ ಸಾಲು ನಿಲ್ಲುತ್ತಾರೆ, ನಮ್ಮಂಥವರು ಗುಹೆಯ ಫೋಟೊ ತೆಗೆಯುತ್ತೇವೆ. ಕೋಸಂಬಿ ಎರಡನ್ನೂ ಒಟ್ಟಿಗೆ ನೋಡಿದರು. ಘಾಟಿ ಇಳಿದು ಕಡಲಿಗೆ ಹೋಗುವ ವ್ಯಾಪಾರದ ದಾರಿ, ಅದಕ್ಕೂ ಹಿಂದಿನ ಕುರಿಗಾಹಿಗಳ ದಾರಿ. ದೇವಿಯೂ ಅಲ್ಲೇ, ಗುಹೆಯೂ ಅಲ್ಲೇ. ಆದರೆ ಎಲ್ಲವನ್ನೂ ಮಾರ್ಕ್ಸ್ ಚೌಕಟ್ಟಿಗೆ ತುರುಕಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆ ಸಾಲಿನಲ್ಲಿ ನಿಂತವಳ ಭಕ್ತಿಗೆ ಅಲ್ಲಿ ಜಾಗ ಕಮ್ಮಿ.

ಡೊಂಬಿವಲಿ ಲೋಕಲ್: ಚೌಕಟ್ಟೇ? ಕಮ್ಯುನಿಸ್ಟ್ ನಾಯಕ ಡಾಂಗೆಯವರ ಪುಸ್ತಕವನ್ನೇ ಝಾಡಿಸಿದವರು ಅವರು. ಯುರೋಪಿನ ಹಾಗೆ ಇಲ್ಲೂ ಗುಲಾಮರ ಯುಗ ಇತ್ತು ಎಂಬ ಅದರ ವಾದವನ್ನು ಒಪ್ಪಲಿಲ್ಲ.

ಮಡಗಾಂವ್ ಅಕ್ಕ: ನಾನು ಕೋಥ್ರೂಡ್ ಕಡೆ. ಧರ್ಮಾನಂದರೂ ಹಾರ್ವರ್ಡ್‌ನಲ್ಲಿ ಪಾಲಿ ಗ್ರಂಥ ಸಂಪಾದನೆ ಮಾಡಿದವರೇ. ಆದರೂ ಮನೆಯ ಕಡೆಯ ಓದುಗರನ್ನು ಬಿಡಲಿಲ್ಲ. ಮಗ ಗೋವಾದ ಗಾಂವ್ಕರಿ ಬಗ್ಗೆ ಬರೆದ ಲೇಖನ ಇದೆ. ಹಳ್ಳಿಯ ಜಮೀನು ಗಾಂವ್ಕಾರರೆಲ್ಲರ, ಅಂದರೆ ಊರಿನ ಮೂಲ ಮನೆತನದವರ, ಒಟ್ಟು ಸೊತ್ತಾಗಿದ್ದ ಕಾಲದ್ದು. ನಮ್ಮತ್ತೆ ಗಾಂವ್ಕಾರರ ಮನೆಯವರು, ಇಂಗ್ಲಿಷ್ ಬಾರದು. ಕೊಂಕಣಿಯಲ್ಲಿ ಓದಿ ಹೇಳಿದೆ. ಒಂದೆರಡು ಕಡೆ ತಡೆದು, ‘ಹಾಗಲ್ಲ, ನಮ್ಮೂರಲ್ಲಿ ಬೇರೆ ಥರ ಇತ್ತು’ ಎಂದರು. ಇಂಥ ತಿದ್ದುಪಡಿ ಇಂಗ್ಲಿಷ್ ಓದುಗರಿಂದ ಬರುತ್ತಿತ್ತೇ?

ಡೊಂಬಿವಲಿ ಲೋಕಲ್: ಅಕ್ಕಾ, ವಾದ ಆಮೇಲೆ ಮಾಡೋಣ. ಅತ್ತೆ ಎಲ್ಲೆಲ್ಲಿ ತಡೆದರು, ಏನು ಹೇಳಿದರು, ಅದನ್ನು ಮೊದಲು ಬರೆಯಿರಿ.