ಲೈನ್ ಮನೆಯ ಮಗುವಿಗೆ ಶಾಲೆ, ಬಸುರಿಗೆ ತಾಯಿ ಕಾರ್ಡ್: ಪೌರತ್ವದ ದಾಖಲೆ ಕೇಳಬಹುದೇ?

ಪ್ರಶ್ನೆ: ಕಣದಮನೆ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ತಾಲ್ಲೂಕಿನಲ್ಲಿ ನನಗೆ 22 ಎಕರೆ ಕಾಫಿ ತೋಟವಿದೆ. ಹೆಚ್ಚಿನದು ರೋಬಸ್ಟಾ, ಮರಗಳಿಗೆ ಕರಿಮೆಣಸಿನ ಬಳ್ಳಿ. ನಮ್ಮ ತಂದೆಯವರ ಕಾಲದಲ್ಲಿ ಕುಯ್ಲಿಗೆ ಹತ್ತಿರದ ಆದಿವಾಸಿ ಹಾಡಿಗಳಿಂದಲೂ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದಲೂ ಜನ ಬರುತ್ತಿದ್ದರು. ಈಗ ಬೇಕಾದಷ್ಟು ಜನ ಸಿಗುವುದಿಲ್ಲ. ಕಳೆದ ನವೆಂಬರಿನಲ್ಲಿ ಕೂಲಿಯಾಳುಗಳನ್ನು ಒದಗಿಸುವ ಮೇಸ್ತ್ರಿಯೊಬ್ಬರು ಅಸ್ಸಾಮಿನಿಂದ ನಾಲ್ಕು ಕುಟುಂಬಗಳನ್ನು ಕರೆತಂದರು. ಅವರು ನಮ್ಮ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರಿಗಾಗಿ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇದ್ದಾರೆ. ಬಂದ ದಿನವೇ ಅವರಲ್ಲಿ ಹಿರಿಯರೊಬ್ಬರು, ನಾನು ಕೇಳುವ ಮೊದಲೇ, ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು, ತಮ್ಮ ಅಜ್ಜನ ಹೆಸರಿರುವ 1966ರ ಮತದಾರರ ಪಟ್ಟಿಯ ಲ್ಯಾಮಿನೇಟ್ ಮಾಡಿದ ನಕಲನ್ನು ನನ್ನ ಮುಂದೆ ಹಿಡಿದರು. ಮೂರು ಕುಟುಂಬಗಳಲ್ಲಿ ಇಂಥ ಕಾಗದಗಳಿವೆ. ನಾಲ್ಕನೆಯ ಕುಟುಂಬದಲ್ಲಿ ಆಧಾರ್ ಬಿಟ್ಟು ಬೇರೇನೂ ಇಲ್ಲ.

ಈಗ ಎರಡು ತೊಡಕುಗಳು ಎದುರಾಗಿವೆ. ಆ ನಾಲ್ಕನೆಯ ಕುಟುಂಬದ ಎಂಟು ವರ್ಷದ ಹುಡುಗಿಯನ್ನು ಶಾಲೆಗೆ ಸೇರಿಸಲು ಹೋದಾಗ, ಇವರು ಬಾಂಗ್ಲಾದೇಶದವರಲ್ಲ ಎಂಬುದಕ್ಕೆ ಪುರಾವೆ ತರುವಂತೆ ಹೇಳಿ ವಾಪಸು ಕಳುಹಿಸಿದರು. ಅದೇ ಮನೆಯ ಏಳು ತಿಂಗಳ ಬಸುರಿಗೆ ತಾಯಿ ಕಾರ್ಡ್ ಮಾಡಿಸಲು ಹೋದಾಗಲೂ ಅದೇ ಮಾತು ಬಂದಿತು. ಇದರ ಮೇಲೆ, ದಾಖಲೆ ಪರಿಶೀಲನೆಯಾಗದ ಹೊರಗಿನವರಿಗೆ ಶಾಲೆ, ಅಂಗನವಾಡಿ, ಆಸ್ಪತ್ರೆ, ನೀರು ಯಾವುದನ್ನೂ ಕೊಡಬಾರದೆಂಬ ನಿರ್ಣಯವನ್ನು ಮುಂದಿನ ಗ್ರಾಮಸಭೆಯಲ್ಲಿ ತರುವ ಮಾತು ನಡೆದಿದೆ. ಅಕ್ರಮ ವಲಸೆಯನ್ನು ನಾನು ಸಮರ್ಥಿಸುವವನಲ್ಲ. ಆದರೆ ಸಭೆಯಲ್ಲಿ ಎದ್ದು ನಿಂತಾಗ ಏನು ಹೇಳಬೇಕೆಂಬುದು ನನಗೆ ಸ್ಪಷ್ಟವಾಗಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೇಕೋರ್ಟು, ಮಡಿಕೇರಿ

ಕಣದಮನೆಯವರೇ, ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ದೇಶದಲ್ಲಿ ಯಾರು ಇರಬಹುದು ಎಂಬುದು ಒಂದು. ಇಲ್ಲಿರುವಷ್ಟು ಕಾಲ ಅವರಿಗೆ ಯಾವುದನ್ನು ನಿರಾಕರಿಸುವಂತಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಂದೇ ಕೌಂಟರಿನಲ್ಲಿ ಇತ್ಯರ್ಥ ಮಾಡಲು ಹೊರಟಿರುವುದೇ ನಿಮ್ಮೂರಿನ ನಿರ್ಣಯದ ದೋಷವೆಂದು ನನಗೆ ತೋರುತ್ತದೆ.

ಮೊದಲನೆಯದು ಕೇಂದ್ರ ಸರ್ಕಾರದ ಅಧಿಕಾರಕ್ಕೆ ಸೇರಿದ್ದು. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ವಿದೇಶಿಯನೋ ಅಲ್ಲವೋ ಎಂಬ ಪ್ರಶ್ನೆ ಎದ್ದಾಗ ತಾನು ವಿದೇಶಿಯನಲ್ಲವೆಂದು ತೋರಿಸುವ ಹೊಣೆ ಆ ವ್ಯಕ್ತಿಯ ಮೇಲೆಯೇ ಇರುತ್ತದೆ. ಹಳೆಯ ಕಾಯ್ದೆಯಲ್ಲಿಯೂ ಹಾಗೆಯೇ ಇತ್ತು. ಇದು ಕಠಿಣವಾದ ನಿಯಮ. ಅಷ್ಟು ಕಠಿಣವಾದದ್ದರಿಂದಲೇ ಅದನ್ನು ಪ್ರಯೋಗಿಸುವ ಅಧಿಕಾರವನ್ನು ಕಾನೂನು ಮುಖ್ಯೋಪಾಧ್ಯಾಯರಿಗಾಗಲಿ, ದಾದಿಯರಿಗಾಗಲಿ, ವಾಟರ್‌ಮನ್‌ಗಾಗಲಿ ಕೊಟ್ಟಿಲ್ಲ. ಅನುಮಾನವಿದ್ದವರು ಪೊಲೀಸ್ ಠಾಣೆಗೆ ತಿಳಿಸಬಹುದು, ತಿಳಿಸಬೇಕು ಕೂಡ. ಅಲ್ಲಿಂದ ಮುಂದಕ್ಕೆ ಆ ಕೆಲಸ ಅವರದು.

ಎರಡನೆಯದಕ್ಕೆ ಬರೋಣ. ಸಂವಿಧಾನದ 19ನೆಯ ವಿಧಿ ನಾಗರಿಕರಿಗೆ ಮೀಸಲು. 14 ಮತ್ತು 21ನೆಯ ವಿಧಿಗಳಲ್ಲಿರುವ ಪದ ‘ವ್ಯಕ್ತಿ’. ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ನಾಗರಿಕರಾಗಿರಲಿ ಆಗದಿರಲಿ ಪ್ರತಿಯೊಬ್ಬರ ಜೀವವನ್ನೂ ರಾಜ್ಯ ಕಾಪಾಡಬೇಕೆಂದಿತು. 2000ದಲ್ಲಿ ಚಂದ್ರಿಮಾ ದಾಸ್ ಪ್ರಕರಣದಲ್ಲಿ, ಹೌರಾದಲ್ಲಿ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಮಹಿಳೆಗೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಅದೇ ಆಧಾರದ ಮೇಲೆ ಎತ್ತಿಹಿಡಿಯಿತು. ತುರ್ತು ಚಿಕಿತ್ಸೆಯನ್ನು ಯಾವ ನೆಪದಿಂದಲೂ ತಡಮಾಡಬಾರದೆಂಬ ಪರಮಾನಂದ ಕಟಾರ ತೀರ್ಪು 1989ರದು.

ಶಾಲೆಯ ವಿಷಯ ಇನ್ನೂ ನೇರವಾಗಿದೆ. 21ಎ ವಿಧಿಯೂ 2009ರ ಶಿಕ್ಷಣ ಹಕ್ಕು ಕಾಯ್ದೆಯೂ 6ರಿಂದ 14 ವರ್ಷದ ‘ಮಕ್ಕಳು’ ಎನ್ನುತ್ತವೆ. ‘ನಾಗರಿಕರ ಮಕ್ಕಳು’ ಎನ್ನುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಕೂಡ ಪ್ರವೇಶ ನಿರಾಕರಿಸಬಾರದೆಂದು ಆ ಕಾಯ್ದೆಯ 14ನೆಯ ಸೆಕ್ಷನ್ ಹೇಳುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯವು ದಾಖಲೆಯಿಲ್ಲದ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವ ಕಾನೂನು ಮಾಡಿದಾಗ, ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲಿ ಅದನ್ನು ಐದು–ನಾಲ್ಕರ ಬಹುಮತದಿಂದ ರದ್ದುಗೊಳಿಸಿತು. ಗಡಿ ದಾಟುವ ತೀರ್ಮಾನ ಮಗುವಿನದಲ್ಲ ಎಂಬುದು ಅಲ್ಲಿ ಮುಖ್ಯವಾದ ಕಾರಣವಾಗಿತ್ತು.

ಎಲ್ಲ ಸೌಲಭ್ಯಗಳೂ ಎಲ್ಲರಿಗೂ ಸಲ್ಲುತ್ತವೆಂದು ಇದರ ಅರ್ಥವಲ್ಲ. ಮತದಾನ, ಪಿಂಚಣಿ, ಮನೆ ಮಂಜೂರಾತಿ, ರಾಜ್ಯದ ಬಿಪಿಎಲ್ ಕಾರ್ಡ್ ಇವುಗಳಿಗೆ ಅರ್ಹತೆಯ ಶರತ್ತುಗಳಿವೆ, ಅವು ಇರಬೇಕಾದದ್ದೇ. ಆಧಾರ್ ಕೂಡ ವಾಸಕ್ಕೆ ಸಂಬಂಧಿಸಿದ್ದೇ ಹೊರತು ಪೌರತ್ವದ ಪುರಾವೆಯಲ್ಲ. 2016ರ ಆಧಾರ್ ಕಾಯ್ದೆಯ 9ನೆಯ ಸೆಕ್ಷನ್ ಇದನ್ನು ಬಿಡಿಸಿ ಹೇಳಿದೆ. ಹುಟ್ಟುವ ಮಗುವಿನ ಜನನ ನೋಂದಣಿಗೂ ಹೆದರಬೇಕಾಗಿಲ್ಲ. 2004ರ ಡಿಸೆಂಬರ್ 3ರಂದು ಅಥವಾ ಅದರ ನಂತರ ಇಲ್ಲಿ ಹುಟ್ಟಿದ ಮಗು ನಾಗರಿಕವಾಗಲು ತಂದೆತಾಯಿ ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಆದ್ದರಿಂದ ಜನನ ಪ್ರಮಾಣಪತ್ರದಿಂದಲೇ ಪೌರತ್ವ ಬಂದುಬಿಡುವುದಿಲ್ಲ.

ಕುಶಾಲನಗರದ ಸೇತುವೆ ದಾಟಿದರೆ ಬೈಲುಕುಪ್ಪೆಯಿದೆ. ಅಲ್ಲಿನ ಟಿಬೆಟನ್ನರಲ್ಲಿ ಬಹಳ ಮಂದಿ ಇಂದಿಗೂ ನೋಂದಣಿ ಪ್ರಮಾಣಪತ್ರದ ಮೇಲೆ ಬದುಕುವ ವಿದೇಶಿಯರೇ. ಅವರ ಮಕ್ಕಳು ಓದಿದ್ದರಿಂದ ನಮ್ಮ ಮಕ್ಕಳ ಓದೇನೂ ಕೆಡಲಿಲ್ಲ.

ಉತ್ತರ 2: ಹಾರಂಗಿತೀರ, ಸೋಮವಾರಪೇಟೆ ತಾಲ್ಲೂಕು

ಹಳೇಕೋರ್ಟಿನ ವಕೀಲರ ಮೇಲೆ ನನಗೆ ಗೌರವವಿದೆ, ಆದರೆ ಬೈಲುಕುಪ್ಪೆಯ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ. ಟಿಬೆಟನ್ನರು ಬಂದದ್ದು ಸರ್ಕಾರದ ಒಪ್ಪಿಗೆಯಿಂದ, ನೆಲೆಸಿದ್ದು ಸರ್ಕಾರ ಗುರುತಿಸಿಕೊಟ್ಟ ಭೂಮಿಯಲ್ಲಿ. ಅವರಲ್ಲಿ ಯಾರು ಎಲ್ಲಿದ್ದಾರೆಂಬ ಲೆಕ್ಕ ಸರ್ಕಾರದ ಬಳಿ ಇದೆ. ತೋಟಗಳಿಗೆ ರಾತ್ರೋರಾತ್ರಿ ಜೀಪಿನಲ್ಲಿ ಬಂದಿಳಿಯುವವರ ಲೆಕ್ಕ ಯಾರ ಬಳಿ ಇದೆ? ನಾನು ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದವನು. ಊರಿನ ಬೋರ್‌ವೆಲ್ಲಿನ ನೀರಾಗಲಿ ಅಂಗನವಾಡಿಗೆ ಬರುವ ಆಹಾರವಾಗಲಿ ದಾಖಲೆಯಲ್ಲಿರುವ ಜನಸಂಖ್ಯೆಯ ಲೆಕ್ಕದಲ್ಲಿ ಬರುತ್ತದೆ. ಕುಯ್ಲಿನ ನಾಲ್ಕು ತಿಂಗಳು ಅದನ್ನು ಹಂಚಿಕೊಳ್ಳುವವರ ಸಂಖ್ಯೆ ಬೇರೆಯೇ ಆಗಿರುತ್ತದೆ. ಫೆಬ್ರವರಿ ಕೊನೆಯ ವಾರದಲ್ಲಿ ನಲ್ಲಿ ಒಣಗಿದಾಗ ಬೈಗುಳ ತಿನ್ನುವವರು ತೋಟದ ಮಾಲೀಕರಲ್ಲ, ಪಂಚಾಯಿತಿಯವರು.

ಅಸ್ಸಾಮಿನ ಪೌರತ್ವ ನೋಂದಣಿಯನ್ನೇ (ಎನ್‌ಆರ್‌ಸಿ) ನೋಡಿ. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಯಾರು ನಿಜವಾಗಿ ಹೊರಗಿನವರು, ಯಾರು ಕಾಗದ ಹೊಂದಿಸಲಾಗದ ಬಡವರು ಎಂಬುದು ಅಲ್ಲಿಯೇ ಇನ್ನೂ ತೀರ್ಮಾನವಾಗಿಲ್ಲ. ಹಾಗಿರುವಾಗ ನಮ್ಮೂರಿನ ಜನ ಕಳವಳಪಡುವುದನ್ನು ದ್ವೇಷವೆಂದು ತಳ್ಳಿಹಾಕಬೇಡಿ.

ಇನ್ನು ಕಣದಮನೆಯವರಿಗೆ ಒಂದು ನೇರವಾದ ಮಾತು, ಬೇಸರಪಡಬೇಡಿ. 22 ಎಕರೆಯೆಂದರೆ ಸುಮಾರು 9 ಹೆಕ್ಟೇರ್. 1951ರ ತೋಟ ಕಾರ್ಮಿಕರ ಕಾಯ್ದೆಯು 5 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನ ತೋಟದಲ್ಲಿ, ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 15 ಜನ ಕೆಲಸ ಮಾಡಿದ್ದರೂ, ವಸತಿ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯಗಳ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ತೋಟದವರ ಈ ಬಗೆಯ ಹೊಣೆಗಳು 2020ರ ಕಾರ್ಮಿಕ ಸಂಹಿತೆಯಲ್ಲೂ ಇವೆ. ಕುಯ್ಲಿನಲ್ಲಿ ನಿಮ್ಮ ತೋಟದಲ್ಲಿ 15 ಜನ ಇರಲಿಲ್ಲವೇ? ಅಗ್ಗದ ಕೂಲಿಯ ಲಾಭ ತೋಟಕ್ಕೆ, ಖರ್ಚು ಊರಿಗೆ ಎಂಬಂತಾದಾಗ ಜನರ ಸಿಟ್ಟು ಮಾಲೀಕರ ಗೇಟಿಗೆ ಹೋಗುವುದಿಲ್ಲ, ಲೈನ್ ಮನೆಯ ಬಾಗಿಲಿಗೆ ಹೋಗುತ್ತದೆ. ಬಸುರಿಯನ್ನು ವಾಪಸು ಕಳುಹಿಸಿದ್ದು ತಪ್ಪು, ಅದನ್ನು ನಾನು ಒಪ್ಪುತ್ತೇನೆ. ಆದರೆ ಯಾರನ್ನು ಕರೆತಂದಿದ್ದೇವೆಂಬ ಪಟ್ಟಿಯನ್ನು ಪ್ರತಿಯೊಬ್ಬ ಮಾಲೀಕನೂ ವಾರದೊಳಗೆ ಠಾಣೆಗೂ ಪಂಚಾಯಿತಿಗೂ ಕೊಡಬೇಕೆಂಬ ನಿರ್ಣಯವನ್ನಾದರೂ ನೀವು ಬೆಂಬಲಿಸಲೇಬೇಕು.

ಉತ್ತರ 3: ಹಾಡಿಯಹುಡುಗಿ

ಇಲ್ಲಿ ಬರೆದವರೆಲ್ಲ ಹಿರಿಯರು. ನಾನು ಪಣಿಯರವ ಜನಾಂಗದವಳು, ನಮ್ಮ ಹಾಡಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲಿಗಳು. ಅರ್ಜಿ ತುಂಬಿಕೊಡುವ ಕೆಲಸದಲ್ಲಿರುವುದರಿಂದ ಕಾಗದವಿಲ್ಲದ ಜನ ಎಂದರೆ ಯಾರೆಂಬುದನ್ನು ದಿನವೂ ನೋಡುತ್ತೇನೆ. ಅಸ್ಸಾಮಿನವರು ಬರುವಾಗಲೇ ಕಾಗದ ಲ್ಯಾಮಿನೇಟ್ ಮಾಡಿಸಿಕೊಂಡು ಬರುತ್ತಾರೆ, ಏಕೆಂದರೆ ಅವರನ್ನು ಊರಲ್ಲೇ ಹತ್ತು ಸಲ ಕೇಳಿದ್ದಾರೆ. ಕಾಗದವಿಲ್ಲದವರು ನಾವು.

ನನ್ನ ಅಜ್ಜಿ ಹುಟ್ಟಿದ್ದು ಒಂದು ತೋಟದ ಲೈನ್ ಮನೆಯಲ್ಲಿ. ಜನನ ಪ್ರಮಾಣಪತ್ರವಿಲ್ಲ, ಶಾಲೆಯ ದಾಖಲೆಯಿಲ್ಲ, ಜಮೀನಿಲ್ಲದ ಮೇಲೆ ಪಹಣಿಯೂ ಇಲ್ಲ. ಆಧಾರ್‌ನಲ್ಲಿ ಒಂದು ವಯಸ್ಸು, ಮತದಾರರ ಚೀಟಿಯಲ್ಲಿ ಇನ್ನೊಂದು. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಅದು ಒಪ್ಪುವುದಿಲ್ಲ. ಅಜ್ಜಿ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿಗೆ ತಿಕ್ಕಿ, ಮತ್ತೆ ಇಡುತ್ತಾರೆ. ಮತ್ತೆ ಕೆಂಪು ದೀಪ. ಐವತ್ತು ವರ್ಷ ಕಾಫಿ ಗಿಡದ ರೆಂಬೆ ಹಿಡಿದು ಹಣ್ಣು ಬಿಡಿಸಿದ ಆ ಬೆರಳಿನಲ್ಲಿ ಗೆರೆಗಳೇ ಸವೆದುಹೋಗಿವೆ. ಹಿಂದೆ ನಿಂತವರು ‘ಬೇಗ ಆಗಲಿ’ ಎನ್ನುವಾಗ ಅಜ್ಜಿ ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ.

ನಾವು ಮನೆಯಲ್ಲಾಡುವ ಮಾತಿಗೆ ಮಲಯಾಳದ ಹೋಲಿಕೆಯಿದೆ. ಅದನ್ನು ಕೇಳಿ ‘ಕೇರಳದಿಂದ ಬಂದವರಾ?’ ಎಂದವರಿದ್ದಾರೆ. ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಿದಾಗಲೂ ಇವರು ಇಲ್ಲಿಯವರೇ, ಎಷ್ಟು ವರ್ಷದಿಂದ ಇದ್ದಾರೆ, ದಾಖಲೆ ಎಲ್ಲಿದೆ ಎಂಬ ಮಾತುಗಳೇ ಕೇಳಿಬಂದವು. 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯ ಜನಸಂಖ್ಯೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಇಂಥ ನಿರ್ಣಯ ಬರುತ್ತದೆಂದು ನಾನು ಆತಂಕಪಟ್ಟಾಗ ಊರಿನವರು ‘ನಿಮಗೇನೂ ಆಗುವುದಿಲ್ಲ, ನೀವು ನಮ್ಮವರು’ ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ನಿರ್ಣಯದ ಪುಸ್ತಕದಲ್ಲಿ ‘ನಮ್ಮವರು’ ಎಂದು ಬರೆಯುವುದಿಲ್ಲ, ‘ದಾಖಲೆ ಇರುವವರು’ ಎಂದು ಬರೆಯುತ್ತಾರೆ. ನಾಳೆ ಬೇರೆ ಊರಿನಿಂದ ವರ್ಗವಾಗಿ ಬರುವ ನರ್ಸಮ್ಮನಿಗೆ ನನ್ನ ಅಜ್ಜಿ ಯಾರೆಂದು ಹೇಗೆ ಗೊತ್ತಾಗಬೇಕು?

ಹೊರಗಿನವರು ಬಂದದ್ದರಿಂದ ನಮಗೆ ತೊಂದರೆಯಾಗಿಲ್ಲವೆಂದು ನಾನು ಹೇಳುವುದಿಲ್ಲ. ಕೆಲವು ತೋಟಗಳಲ್ಲಿ ನಮ್ಮವರು ಕಿಲೋಗೆ ಒಂದು ರೂಪಾಯಿ ಹೆಚ್ಚು ಕೇಳಿದ ದಿನವೇ ಮೇಸ್ತ್ರಿಯ ಜೀಪು ಬಂದಿದೆ. ಹಾರಂಗಿತೀರದವರ ಮಾತು ಅಲ್ಲಿ ನಿಜ. ಆದರೆ ಅದಕ್ಕೆ ಮದ್ದು ಇಬ್ಬರಿಗೂ ಒಂದೇ ಕೂಲಿ ಕೊಡಿಸುವುದು. ಆ ಮಗುವನ್ನು ಶಾಲೆಯಿಂದ ಹೊರಗಿಟ್ಟರೆ ನಮ್ಮ ಕೂಲಿ ಏರುವುದಿಲ್ಲ, ಆ ಮಗುವೂ ಇನ್ನೆರಡು ವರ್ಷದಲ್ಲಿ ಚೀಲ ಕಟ್ಟಿಕೊಂಡು ಕುಯ್ಲಿನ ಸಾಲಿಗೆ ಬರುತ್ತದೆ, ಅಷ್ಟೆ.

ಉತ್ತರ 4: ಹಳೇಕೋರ್ಟು, ಮಡಿಕೇರಿ

ತಂಗೀ, ನಾನು ತೀರ್ಪುಗಳನ್ನು ಹೇಳಿದೆ, ನೀವು ಅವುಗಳ ಅಗತ್ಯವನ್ನು ಹೇಳಿದಿರಿ. ಹಾರಂಗಿತೀರದವರ ಆಕ್ಷೇಪವನ್ನೂ ಒಪ್ಪುತ್ತೇನೆ. ಬೈಲುಕುಪ್ಪೆಯ ಉದಾಹರಣೆಯನ್ನು ಅಷ್ಟು ಸಲೀಸಾಗಿ ತರಬಾರದಿತ್ತು. ಮಾಲೀಕರು ಪಟ್ಟಿ ಕೊಡಬೇಕೆಂಬ ಅವರ ಸಲಹೆ ಸರಿಯಾದದ್ದು, ಏಕೆಂದರೆ ಅದು ಪರಿಶೀಲನೆಯನ್ನು ಪರಿಶೀಲಿಸಬೇಕಾದವರ ಬಳಿಗೇ ಒಯ್ಯುತ್ತದೆ.

ಪಡಿತರದ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕೊನೆಯದಾಗಿ ಸೇರಿದ ರಾಜ್ಯ ಅಸ್ಸಾಂ, 2022ರ ಜೂನ್‌ನಲ್ಲಿ. ಆದ್ದರಿಂದ ಅಲ್ಲಿನ ಚೀಟಿಯಿರುವವರು 2013ರ ಆಹಾರ ಭದ್ರತಾ ಕಾಯ್ದೆಯ ತಮ್ಮ ಪಾಲಿನ ಧಾನ್ಯವನ್ನು ಇಲ್ಲಿಯೇ ಪಡೆಯಬಹುದು. ಅವರು ಕೇಳುವುದು ತಮ್ಮ ಹೆಸರಿನಲ್ಲಿರುವ ಅಕ್ಕಿಯನ್ನು, ನಿಮ್ಮೂರಿನವರ ಅನ್ನಭಾಗ್ಯದ ಪಾಲನ್ನಲ್ಲ.

ಪ್ರಶ್ನೆ ಕೇಳಿದವರಿಂದ: ಕಣದಮನೆ

ಹಾರಂಗಿತೀರದವರೇ, ಬೇಸರವಿಲ್ಲ. ಜನವರಿಯಲ್ಲಿ ನಮ್ಮ ತೋಟದಲ್ಲಿ 19 ಜನ ಇದ್ದರು. ಲೈನ್ ಮನೆಗಳಿಗೆ ಪಂಚಾಯಿತಿಯ ನಲ್ಲಿಯಿಂದಲೇ ನೀರು ಹೋಗುತ್ತಿತ್ತು; ನಮ್ಮ ಕೆರೆಯ ಪಂಪಿನಿಂದ ಟ್ಯಾಂಕಿಗೆ ಪೈಪು ಎಳೆಸಲು ಪ್ಲಂಬರ್‌ಗೆ ಹೇಳಿದ್ದೇನೆ. ನಾಲ್ಕೂ ಕುಟುಂಬಗಳ ಹೆಸರು, ಊರು, ಫೋಟೋ, ಇದ್ದ ದಾಖಲೆಗಳ ನಕಲು ಎಲ್ಲವನ್ನೂ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ನಾಲ್ಕನೆಯ ಕುಟುಂಬದವರಿಗೂ ಇದನ್ನು ತಿಳಿಸಿಯೇ ಕೊಟ್ಟೆ. ಆ ಮನೆಯ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಣ್ಣನಿಗೆ ಫೋನ್ ಮಾಡಿ ಊರಿನಿಂದ ಕಾಗದ ತರಿಸುವುದಾಗಿ ಹೇಳಿದರು. ಪೊಲೀಸರ ವಿಚಾರಣೆಯಲ್ಲಿ ಏನು ತಿಳಿದುಬರುತ್ತದೆಯೋ ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 14ನೆಯ ಸೆಕ್ಷನ್ ಉಲ್ಲೇಖಿಸಿ ಶಾಲೆಗೆ ಲಿಖಿತವಾಗಿ ಅರ್ಜಿ ಕೊಟ್ಟ ಮೇಲೆ ಹುಡುಗಿಯನ್ನು ಸೇರಿಸಿಕೊಂಡರು. ಬಸುರಿಗೆ ಆಶಾ ಕಾರ್ಯಕರ್ತೆಯವರು ನಿನ್ನೆ ಬಂದು ರಕ್ತದೊತ್ತಡ ನೋಡಿ, ಕಬ್ಬಿಣದ ಮಾತ್ರೆ ಕೊಟ್ಟು ಹೋದರು; ಕಾರ್ಡಿಗೆ ಸೋಮವಾರ ಬರಲು ಹೇಳಿದ್ದಾರೆ. ಕೂಲಿಯ ವಿಷಯದಲ್ಲಿ, ಈ ಸಲ ಹಾಡಿಯವರಿಗೂ ಅಸ್ಸಾಮಿನವರಿಗೂ ಕಿಲೋಗೆ ಬೇರೆ ಬೇರೆ ದರ ಕೊಟ್ಟದ್ದು ಹೌದು. ಮೇಸ್ತ್ರಿ ಹೇಳಿದ್ದನ್ನು ನಾನು ಪ್ರಶ್ನಿಸಲಿಲ್ಲ. ಮುಂದಿನ ಕುಯ್ಲಿಗೆ ಹಾಗಾಗುವುದಿಲ್ಲ.

ಗ್ರಾಮಸಭೆಯಲ್ಲಿ ‘ಸೌಲಭ್ಯ ಕೊಡಬಾರದು’ ಎಂಬ ಸಾಲನ್ನು ತೆಗೆದು ‘ಮಾಲೀಕರು ವಾರದೊಳಗೆ ಪಟ್ಟಿ ಕೊಡಬೇಕು’ ಎಂದು ತಿದ್ದುಪಡಿ ಸೂಚಿಸುತ್ತೇನೆ. ಹಾಡಿಯಹುಡುಗಿ, ನಿಮ್ಮ ಅಜ್ಜಿಯ ಬೆರಳಿನ ವಿಷಯವನ್ನು ನಾನು ಹೇಳುವುದಕ್ಕಿಂತ ಅವರೇ ಬಂದು ತೋರಿಸಿದರೆ ಸಭೆಗೆ ಅರ್ಥವಾಗುತ್ತದೆ. ಒಪ್ಪಿಗೆಯಿದ್ದರೆ ತಿಳಿಸಮ್ಮ, ಆ ದಿನ ಬೆಳಿಗ್ಗೆ ಜೀಪು ಕಳುಹಿಸುತ್ತೇನೆ.