ಪದಚರ್ಚೆ: ‘ಕಂಟ್ರೋಲ್ ಒತ್ತಿ ಸಿ ಒತ್ತಿ’ – ಇಲ್ಲಿನ ‘ಒತ್ತಿ’ ಯಾವ ಒತ್ತಿ?

ಪ್ರಶ್ನೆ

ನಮಸ್ಕಾರ. ಕಚೇರಿ ಸಿಬ್ಬಂದಿಗಾಗಿ ಕೀಬೋರ್ಡ್ ಶಾರ್ಟ್‌ಕಟ್‌ಗಳ ಎರಡು ಪುಟದ ಕನ್ನಡ ಕೈಪಿಡಿಯೊಂದು ತಯಾರಾಗುತ್ತಿದೆ. ಮೂರು ಕಡೆ ಪದ ಸಿಕ್ಕಿಕೊಂಡಿದೆ.

‘ಕಂಟ್ರೋಲ್ ಒತ್ತಿ ಸಿ ಒತ್ತಿ’ ಎಂದು ಬರೆದರೆ ಕಲಿಯುವವರು ಕಂಟ್ರೋಲ್ ಒತ್ತಿ, ಬೆರಳು ಎತ್ತಿ, ಆಮೇಲೆ ಸಿ ಒತ್ತುತ್ತಾರೆ. ನಕಲಾಗುವುದಿಲ್ಲ. ‘ಎರಡನ್ನೂ ಒಟ್ಟಿಗೆ ಒತ್ತಿ’ ಎಂದು ತಿದ್ದಿದರೂ ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ. ಇಲ್ಲಿ ಸರಿಯಾದ ಕ್ರಿಯಾಪದ ಯಾವುದು? ಎರಡನೆಯದು, ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳಿಗೆಲ್ಲ ಸೇರಿ ಒಂದು ಹೆಸರು ಬೇಕು; ‘ಮಾರ್ಪಡಿಸುವ ಕೀಲಿ’ ಎಂದರೆ ಯಾರ ತಲೆಗೂ ಹೋಗುತ್ತಿಲ್ಲ. ಮೂರನೆಯದು, ಶಾರ್ಟ್‌ಕಟ್‌ಗೆ ‘ಅಡ್ಡದಾರಿ’ ಎನ್ನಬಹುದೇ?

ಒಂದನೆಯ ಉತ್ತರ

ತಪ್ಪು ಕಲಿಯುವವರದ್ದಲ್ಲ, ವಾಕ್ಯದ್ದು. ‘ಒತ್ತಿ’ ಎಂಬ ರೂಪ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ‘ಒತ್ತಿರಿ’ ಎಂಬ ವಿಧ್ಯರ್ಥ ಸವೆದು ‘ಒತ್ತಿ’ ಆಗುತ್ತದೆ. ‘ಗಂಟೆ ಒತ್ತಿ ನಿಂತ’ ಎನ್ನುವಲ್ಲಿನ ಕೃದಂತಾವ್ಯಯವೂ ‘ಒತ್ತಿ’ಯೇ. ನಿಮ್ಮ ವಾಕ್ಯದ ಮೊದಲ ‘ಒತ್ತಿ’ಯನ್ನು ಎರಡರಲ್ಲಿ ಹೇಗೆ ಓದಿದರೂ ಹೊರಡುವ ಅರ್ಥ ಒಂದೇ: ಆ ಕೆಲಸ ಮುಗಿಯಿತು, ಮುಂದಕ್ಕೆ ಹೋಗಿ. ‘ಬಾಗಿಲು ತಟ್ಟಿ ಒಳಗೆ ಬಂದ’ ಎಂದರೆ ಒಳಗೆ ಬರುವಾಗಲೂ ತಟ್ಟುತ್ತಲೇ ಇದ್ದ ಎಂದು ಯಾರೂ ತಿಳಿಯುವುದಿಲ್ಲವಲ್ಲ. ಅವರು ಕನ್ನಡವನ್ನು ಸರಿಯಾಗಿಯೇ ಓದಿದ್ದಾರೆ.

ಕೀಬೋರ್ಡ್ ಕೇಳುವುದು ಬೇರೆ. ಪ್ರತಿಯೊಂದು ಕೀಲಿಯೂ ಕೆಳಗೆ ಹೋದಾಗ ಒಂದು ಸಂಕೇತ, ಮೇಲೆ ಬಂದಾಗ ಇನ್ನೊಂದು ಸಂಕೇತ ಕಳಿಸುತ್ತದೆ. ಐಬಿಎಂ ಪಿಸಿ ಕಾಲದ ಸ್ಕ್ಯಾನ್‌ಕೋಡ್‌ಗಳಲ್ಲಿ ಎಡ ಕಂಟ್ರೋಲ್ ಕೆಳಗಿಳಿದರೆ 1ಡಿ, ಎದ್ದರೆ 9ಡಿ. ಸಿ ಇಳಿದರೆ 2ಇ, ಎದ್ದರೆ ಎಇ. ನಕಲಾಗಬೇಕಾದರೆ ಸಾಲು ಹೀಗಿರಬೇಕು: 1ಡಿ, 2ಇ, ಎಇ, 9ಡಿ. ಕಂಟ್ರೋಲ್ ಎಂಬ ಕೊಡೆಯ ಕೆಳಗೆ ಸಿ ಬಂದು ಹೋಗಬೇಕು. ‘ಒತ್ತಿ, ಒತ್ತಿ’ ಎಂದು ಓದಿದವರು ಕಳಿಸುವುದು 1ಡಿ, 9ಡಿ, 2ಇ, ಎಇ. ಕಂಪ್ಯೂಟರಿನ ಕಣ್ಣಿಗೆ ಇದು ಕಂಟ್ರೋಲನ್ನು ಸುಮ್ಮನೆ ಮುಟ್ಟಿ ನೋಡಿ, ಬಳಿಕ ಸಿ ಅಕ್ಷರ ಟೈಪ್ ಮಾಡಿದ ಹಾಗೆ.

ಇಲ್ಲಿ ‘ನಕಲಾಗುವುದಿಲ್ಲ’ ಎಂಬಷ್ಟಕ್ಕೇ ನಿಲ್ಲುವುದಿಲ್ಲ. ನಕಲಿಸಲು ಹೊರಟವರು ಮೊದಲು ಒಂದು ಪ್ಯಾರಾ ಆರಿಸಿಕೊಂಡಿರುತ್ತಾರೆ. ಆರಿಸಿದ ಪಠ್ಯದ ಮೇಲೆ ಅಕ್ಷರ ಟೈಪ್ ಮಾಡಿದರೆ ಪಠ್ಯ ಹೋಗಿ ಆ ಅಕ್ಷರ ಕೂರುತ್ತದೆ. ಪ್ಯಾರಾ ಇದ್ದ ಜಾಗದಲ್ಲಿ ಒಂಟಿ ಸಿ ಕಂಡರೆ ರೋಗ ಇದೇ. ಕನ್ನಡ ಮೋಡಿನಲ್ಲಿದ್ದರೆ ‘ನುಡಿ’ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ‘ಚ’ ಉಳಿದಿರುತ್ತದೆ, ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಮ’. ಕೂಡಲೇ ಕಂಟ್ರೋಲ್-ಝಡ್ ಕೊಟ್ಟರೆ ಪ್ಯಾರಾ ಮರಳುತ್ತದೆ. ಆದರೆ ಝಡ್ಡನ್ನೂ ಅದೇ ರೀತಿ ಒತ್ತಿ-ಬಿಟ್ಟು ಮಾಡುವವರಿಗೆ ಸಿ ಪಕ್ಕದಲ್ಲಿ ಝಡ್ ಬಂದು ಕೂರುತ್ತದೆ! ಕೈಪಿಡಿಯಲ್ಲಿ ನಕಲಿನ ಸಾಲಿಗಿಂತ ಮೊದಲು ಝಡ್ ಸಾಲು ಇರಲಿ. (ಅಮೆರಿಕದಲ್ಲಿರುವ ನಮ್ಮವರಿಗೂ ಇದು ಹೋಗುವುದಾದರೆ, ಝಡ್‌ಗೆ ಅಲ್ಲಿನವರು ಅನ್ನುವ ‘ಜೀ’ ಮತ್ತು ನಮ್ಮ ‘ಜಿ’ ಫೋನಿನಲ್ಲಿ ಒಂದೇ ಕೇಳಿಸುತ್ತವೆ. ವರ್ಡ್‌ನಲ್ಲಿ ಕಂಟ್ರೋಲ್-ಜಿ ಬೇರೊಂದು ಕಿಟಕಿ ತೆರೆಯುತ್ತದೆ. ‘ಝಡ್’ ಎಂದೇ ಬರೆಯಿರಿ.)

‘ಒಟ್ಟಿಗೆ ಒತ್ತಿ’ ಏಕೆ ಕೈಕೊಡುತ್ತದೆ? ಒಟ್ಟಿಗೆ ಎಂದರೆ ಏಕಕಾಲಕ್ಕೆ. ಓದಿದವರು ಎರಡು ಬೆರಳನ್ನೂ ಒಂದೇ ಏಟಿಗೆ ಇಳಿಸಲು ಹೋಗುತ್ತಾರೆ. ಕೂದಲೆಳೆಯಷ್ಟು ಮೊದಲು ಸಿ ಇಳಿದರೆ ಮತ್ತೆ ಅದೇ ಒಂಟಿ ಸಿ. ಅರ್ಧ ಜನರಿಗೆ ಆಗಿ ಅರ್ಧ ಜನರಿಗೆ ಆಗದಿರುವುದು ಈ ಅದೃಷ್ಟದ ಆಟದಿಂದ. ‘ಎರಡನ್ನೂ ಒತ್ತಿ ಹಿಡಿಯಿರಿ’ ಎಂದು ಬರೆದರೆ ಇನ್ನೊಂದು ಅವಾಂತರ: ಅಕ್ಷರದ ಕೀಲಿಯನ್ನು ಸುಮಾರು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅದು ತಾನಾಗಿ ಮರುಕಳಿಸತೊಡಗುತ್ತದೆ. ಕಂಟ್ರೋಲ್-ವಿಯಲ್ಲಿ ಇದನ್ನು ಮಾಡಿದರೆ ಒಂದು ಪ್ಯಾರಾ ಹದಿನೈದು ಸಲ ಅಂಟುತ್ತದೆ.

ನನ್ನ ಸಲಹೆ ‘ಹಿಡಿದು’ ಮತ್ತು ‘ತಟ್ಟಿ’: ಕಂಟ್ರೋಲ್ ಹಿಡಿದು ಸಿ ತಟ್ಟಿ. ‘ಹಿಡಿ’ ಧಾತುವಿಗೆ ಎರಡು ಅನುಕೂಲಗಳಿವೆ. ಅದರ ವಿಧ್ಯರ್ಥ ‘ಹಿಡಿಯಿರಿ’, ಕೃದಂತ ‘ಹಿಡಿದು’. ಒತ್ತಿ-ಒತ್ತಿಯ ಗೊಂದಲ ಹುಟ್ಟುವುದೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ‘ಹಿಡಿದು’ ಎಂದಾಗ ಆ ಸ್ಥಿತಿ ಮುಂದಿನ ಕ್ರಿಯೆಯ ಹೊತ್ತಿಗೂ ಉಳಿದಿರುತ್ತದೆ. ‘ಕೊಡೆ ಹಿಡಿದು ನಡೆದ’ ಎಂದರೆ ನಡೆಯುವಾಗ ಕೊಡೆ ಕೈಯಲ್ಲೇ ಇತ್ತು. ‘ಕೈ ಹಿಡಿದು ರಸ್ತೆ ದಾಟಿಸಿದ’ ಎಂದರೂ ಹಾಗೆಯೇ. ಒಳಗಿನ ಕಾಲವನ್ನು ಧಾತುವೇ ಹೊತ್ತಿರುವುದರಿಂದ ‘ಬಿಡದೆ’, ‘ಹಾಗೆಯೇ’ ಎಂಬ ಊರುಗೋಲು ಬೇಡ. ‘ತಟ್ಟು’ ಇದಕ್ಕೆ ತದ್ವಿರುದ್ಧ: ತಟ್ಟಿದ ಕೈ ತಾನಾಗಿ ಹಿಂದೆ ಬರುತ್ತದೆ.

ಇನ್ನೊಂದು ಕಾರಣಕ್ಕೂ ‘ಒತ್ತು’ ಬೇಡ ಅನಿಸುತ್ತದೆ. ಕನ್ನಡ ಟೈಪಿಂಗ್ ಹೇಳಿಕೊಡುವಾಗ ‘ಒತ್ತು’ ನಾಮಪದವಾಗಿ ಆಗಲೇ ಬಳಕೆಯಲ್ಲಿದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ, ಅಂದರೆ ನುಡಿಯಲ್ಲಿ ಇರುವುದರಲ್ಲಿ, ‘ಕ್ಕ’ ಬರಲು ಕೆ, ಎಫ್, ಕೆ. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ಡಿ, ಕೆ. ‘ಒತ್ತು ಬರಲು ಎಫ್ ಒತ್ತಿ ಮತ್ತೆ ಕೆ ಒತ್ತಿ’ ಎಂಬ ಸಾಲನ್ನು ಜೋರಾಗಿ ಓದಿ ನೋಡಿ.

ಇನ್ನು ಹಿಡಿಯದೆ ಒಂದಾದ ಮೇಲೊಂದು ತಟ್ಟಬೇಕಾದ ಜಾಗಗಳೂ ಇವೆ. ವರ್ಡ್‌ನಲ್ಲಿ ಆಲ್ಟ್ ತಟ್ಟಿ ಬಿಟ್ಟರೆ ರಿಬ್ಬನ್ (ಮೇಲಿನ ಗುಂಡಿಗಳ ಪಟ್ಟಿ) ಮೇಲೆ ಪುಟ್ಟ ಅಕ್ಷರಗಳು ಮೂಡುತ್ತವೆ; ಆಮೇಲೆ ಎಫ್ ತಟ್ಟಿ, ಎ ತಟ್ಟಿದರೆ ‘ಸೇವ್ ಆ್ಯಸ್’. ಆಲ್ಟ್-ಟ್ಯಾಬ್‌ನಲ್ಲಿ ಆಲ್ಟ್ ಹಿಡಿದೇ ಇರಬೇಕು. ತಟ್ಟಿ ಬಿಟ್ಟರೆ ಕಿಟಕಿ ಬದಲಾಗದೆ ಟ್ಯಾಬ್ ರಿಬ್ಬನ್ನಿನೊಳಗೇ ಅಲೆಯುತ್ತದೆ. ಒಂದೇ ಆಲ್ಟ್‌ಗೆ ಎರಡು ನಡವಳಿಕೆ, ಹಾಗಾಗಿ ಎರಡು ಕ್ರಿಯಾಪದ ಬೇಕೇ ಬೇಕು. ಪ್ರೋಗ್ರಾಂ ಬರೆಯಲು ವಿಎಸ್ ಕೋಡ್ ಬಳಸುವವರಿಗೆ ಇನ್ನೂ ಒಳ್ಳೆಯ ಜೋಡಿಯಿದೆ: ಕಂಟ್ರೋಲ್ ಹಿಡಿದು ಕೆ ತಟ್ಟಿ, ಬಿಟ್ಟು, ಎಸ್ ತಟ್ಟಿದರೆ ತೆರೆದ ಕಡತಗಳೆಲ್ಲ ಉಳಿಯುತ್ತವೆ, ಕಂಟ್ರೋಲ್ ಬಿಡದೆ ಕೆ, ಎಸ್ ಎರಡನ್ನೂ ತಟ್ಟಿದರೆ ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. ‘ಒತ್ತಿ’ಯೊಂದನ್ನೇ ಇಟ್ಟುಕೊಂಡು ಈ ಎರಡನ್ನು ಬೇರೆ ಮಾಡಿ ಬರೆಯಲು ಪ್ರಯತ್ನಿಸಿ.

ಚಿಹ್ನೆಯ ಬಗ್ಗೆ: ಹಿಡಿಯುವುದಕ್ಕೆ ಕೂಡು ಗುರುತು, ಸರದಿಗೆ ಅಲ್ಪವಿರಾಮ ಇಡುವ ರೂಢಿ ಸಾಕು. ಆದರೆ ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡುವ ಶಾರ್ಟ್‌ಕಟ್‌ನಲ್ಲಿ ಎರಡನೆಯ ಕೀಲಿಯೇ ಕೂಡು ಗುರುತು. ಅಲ್ಲಿ ‘ಕಂಟ್ರೋಲ್ ಹಿಡಿದು ಪ್ಲಸ್ ತಟ್ಟಿ’ ಎಂದು ಮಾತಿನಲ್ಲೇ ಬರೆಯಬೇಕು.

ಎರಡನೆಯ ಉತ್ತರ

ಮೇಲಿನವರ ‘ಹಿಡಿದು-ತಟ್ಟಿ’ ಒಪ್ಪಿದೆ ಸರ್. ಒಂದು ಎಚ್ಚರಿಕೆ. ಮೊಬೈಲ್ ಕನ್ನಡದಲ್ಲಿ ‘ಒತ್ತಿ ಹಿಡಿಯಿರಿ’ ಎನ್ನುವುದು ತಾನೇ ಒಂದು ಪೂರ್ಣ ಕ್ರಿಯೆ. ಐಕಾನ್ ಒತ್ತಿ ಹಿಡಿದರೆ ಮೆನು ಬರುತ್ತದೆ. ಅದಕ್ಕೆ ಒಗ್ಗಿದವರು ಕಂಟ್ರೋಲ್ ಹಿಡಿದುಕೊಂಡು ಏನೋ ಆಗುತ್ತದೆ ಎಂದು ಕಾಯುತ್ತ ಕೂರುವುದುಂಟು. ‘ಕಂಟ್ರೋಲ್ ಹಿಡಿಯಿರಿ.’ ಎಂದು ಪೂರ್ಣವಿರಾಮ ಹಾಕಬೇಡಿ, ‘ಹಿಡಿದು’ ಎಂದು ವಾಕ್ಯವನ್ನು ತೆರೆದೇ ಇಡಿ.

ಎರಡನೆಯ ಪ್ರಶ್ನೆಗೆ: ‘ಹಿಡಿಕೀಲಿ’ ಎನ್ನಬಹುದು. ಹಿಡಿಯಬೇಕಾದ ಕೀಲಿ, ಹೆಸರಿನಲ್ಲೇ ಬಳಕೆಯ ವಿಧಾನವಿದೆ. ಯುಎಸ್‌ಬಿ ಕೀಬೋರ್ಡ್ ಕಳಿಸುವ 8 ಬೈಟ್‌ಗಳ ಮೂಲ ವರದಿಯಲ್ಲಿ ಮೊದಲ ಬೈಟ್ ಪೂರ್ತಿ ಇವುಗಳಿಗೇ ಮೀಸಲು: ಎಡ-ಬಲದ ಕಂಟ್ರೋಲ್, ಶಿಫ್ಟ್, ಆಲ್ಟ್, ವಿಂಡೋಸ್ ಕೀಲಿಗಳಿಗೆ ಒಂದೊಂದು ಬಿಟ್. ಯಂತ್ರವೇ ಇವನ್ನು ಬೇರೆ ಜಾತಿಯೆಂದು ಎಣಿಸುವಾಗ ನಾವೂ ಒಂದು ಹೆಸರು ಕೊಟ್ಟರೆ ತಪ್ಪಿಲ್ಲ. ಕ್ಯಾಪ್ಸ್ ಲಾಕ್ ಇದರಲ್ಲಿ ಸೇರುವುದಿಲ್ಲ, ಅದನ್ನು ಯಾರೂ ಹಿಡಿಯುವುದಿಲ್ಲ. ಕರಾವಳಿಯವರು ಹಿಡಿಸೂಡಿಯನ್ನು (ಕಸಬರಿಗೆಯನ್ನು) ನೆನೆದು ನಗಬಹುದು, ನಗಲಿ. ‘ಕೀಲಿ’ಯ ಬಗ್ಗೆ ನಮ್ಮ ಧಾರವಾಡದ ಕಡೆಯಿಂದ ಒಂದು ತಕರಾರು ಹಳೆಯದು: ನಮಗೆ ಕೀಲಿ ಎಂದರೆ ಬೀಗ, ತೆಗೆಯುವುದು ಕೀಲಿಕೈ. ಆದರೂ ‘ಕೀಲಿಮಣೆ’ ಪುಸ್ತಕಗಳಲ್ಲಿ ಬೇರೂರಿದೆ, ಈಗ ಕೀಳುವುದು ಬೇಡ.

ಕೀಬೋರ್ಡನ್ನು ತಾವೇ ಜೋಡಿಸಿ, ಅದರೊಳಗೆ ಕ್ಯುಎಂಕೆ ಎಂಬ ನಿಯಂತ್ರಣ ತಂತ್ರಾಂಶ (ಫರ್ಮ್‌ವೇರ್) ತುಂಬಿ ಬಳಸುವ ಹವ್ಯಾಸಿಗಳಿಗೂ ಈ ಎರಡು ಕ್ರಿಯಾಪದಗಳೇ ಬೇಕಾಗುತ್ತವೆ. ಅವರ ‘ಮಾಡ್-ಟ್ಯಾಪ್’ನಲ್ಲಿ ಒಂದೇ ಕೀಲಿ ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್ ಅಥವಾ ಕಂಟ್ರೋಲ್. ತಟ್ಟಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಗಡುವು ಮೂಲತಃ 200 ಮಿಲಿಸೆಕೆಂಡ್. ಇಂಗ್ಲಿಷ್‌ಗೆ ಹೊಂದಿಸಿದ ನಕ್ಷೆಯನ್ನು ಹಾಗೇ ತಂದು ಕನ್ನಡ ಟೈಪ್ ಮಾಡಿದರೆ ಸಿಕ್ಕಿಬೀಳುತ್ತೀರಿ: ಬೆರಳುಗಳು ನೆಲೆಸುವ ಸಾಲಿನ ಎಫ್ ಮೇಲೆ ಶಿಫ್ಟೋ ಕಂಟ್ರೋಲೋ ಕೂತಿರುತ್ತದೆ, ನುಡಿ ವಿನ್ಯಾಸದಲ್ಲಿ ಪ್ರತಿಯೊಂದು ಒತ್ತಕ್ಷರಕ್ಕೂ ಎಫ್ ಬೇಕು. ಬೆರಳು ಎಫ್ ಮೇಲೆ ಚೂರು ತಡವಾಗಿ, ಅಷ್ಟರಲ್ಲಿ ಮುಂದಿನ ಕೆ ಇಳಿದರೆ ‘ಕ್ಕ’ ಬರುವ ಬದಲು ‘ಕ’ದ ಮುಂದೆ ‘ಖ’ ನಿಲ್ಲುತ್ತದೆ, ಇಲ್ಲವೇ ಕಂಟ್ರೋಲ್-ಕೆ ಹೊರಟು ಏನೋ ಸಂವಾದಕಿಟಕಿ ತೆರೆಯುತ್ತದೆ. ಗಡುವನ್ನು 250ಕ್ಕೆ ಏರಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ; ಕನ್ನಡಕ್ಕೆಂದೇ ಹಿಡಿಕೀಲಿಗಳಿಲ್ಲದ ಬೇರೆ ಪದರ (ಕೀಲಿಗಳ ಇನ್ನೊಂದು ಜೋಡಣೆ) ಮಾಡಿಕೊಳ್ಳುವುದು ಉತ್ತಮ. ಇನ್‌ಸ್ಕ್ರಿಪ್ಟ್‌ನವರು ಎಫ್ ಬದಲು ಡಿಯನ್ನು ನೋಡಿಕೊಳ್ಳಬೇಕು.

ಇದೇ ವಲಯದಲ್ಲಿ ಓಡಾಡುವ ‘ಕಾರ್ಡ್’ (chord) ಪದವನ್ನು ದಯವಿಟ್ಟು ತರಬೇಡಿ. ಸಂಗೀತದಲ್ಲಿ ಅದು ಕೂಡಿ ನುಡಿಯುವ ಸ್ವರಗಳ ಗುಚ್ಛ, ವಿಎಸ್ ಕೋಡ್‌ನಲ್ಲಿ ಒಂದರ ಹಿಂದೊಂದು ಬರುವ ಜೋಡಿ, ಕನ್ನಡ ಲಿಪಿಗೆ ಇಳಿದರೆ ಪಡಿತರ ಚೀಟಿ.

ಮೂರನೆಯ ಉತ್ತರ

‘ಅಡ್ಡದಾರಿ’ ಬೇಡವೇ ಬೇಡ. ‘ಮಗ ಅಡ್ಡದಾರಿ ಹಿಡಿದ’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಹತ್ತಿರದ ದಾರಿಗೆ ಹಳ್ಳಿಯಲ್ಲಿ ಇರುವ ಮಾತು ‘ಒಳದಾರಿ’, ಚೆನ್ನಾಗಿಯೂ ಇದೆ. ಆದರೆ ಕಂಟ್ರೋಲ್-ಸಿ ದಾರಿಯೇ ಅಲ್ಲವಲ್ಲ, ಬೆರಳಿನ ಕಟ್ಟು. ದಾರಿಯ ರೂಪಕ ಸರಿಹೊಂದುವುದು ಡೆಸ್ಕ್‌ಟಾಪಿನ ಮೇಲೆ ಬಾಣದ ಗುರುತಿನೊಂದಿಗೆ ಕೂರುವ ಇನ್ನೊಂದು ‘ಶಾರ್ಟ್‌ಕಟ್’ಗೆ. ಅದನ್ನು ಅಳಿಸಿದರೆ ಕಡತ ಹೋಗುವುದಿಲ್ಲ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುವುದೂ ಇಲ್ಲ. ದಾರಿಯ ಕಲ್ಲನ್ನು ಹೊತ್ತುಕೊಂಡು ಹೋದ ಹಾಗೆ. ಅದಕ್ಕೆ ‘ಒಳದಾರಿ’ ಇಟ್ಟು, ಕೀಲಿಗಳದ್ದನ್ನು ಜನ ಅನ್ನುವಂತೆ ‘ಶಾರ್ಟ್‌ಕಟ್’ ಎಂದೇ ಬಿಡಿ.

ಕೈಪಿಡಿಯಲ್ಲಿ ಇನ್ನೊಂದು ಜೋಡಿಯನ್ನು ನೋಡಿಕೊಳ್ಳಿ: ‘ಉಳಿಸು’ ಮತ್ತು ‘ಅಳಿಸು’. ಎರಡಕ್ಕೂ ಮೊದಲ ಅಕ್ಷರವೊಂದೇ ವ್ಯತ್ಯಾಸ, ಚಿಕ್ಕ ಅಕ್ಷರದಲ್ಲಿ ಛಾಪಿಸಿದರೆ ಕಣ್ಣು ಜಾರುತ್ತದೆ, ಅರ್ಥ ನೇರ ವಿರುದ್ಧ. ಪಕ್ಕಪಕ್ಕದ ಸಾಲಿನಲ್ಲಿ ಇಡಬೇಡಿ. ‘ಅಳಿಸು’ ಬದಲು ‘ತೆಗೆದುಹಾಕು’ ಎಂದರೆ ಇನ್ನೂ ಕ್ಷೇಮ. ‘ರದ್ದು’ ಕೂಡ ಹೀಗೆಯೇ. ಅನುವಾದಗೊಂಡ ಮೆನುಗಳಲ್ಲಿ ಕ್ಯಾನ್ಸಲ್‌ಗೂ ರದ್ದು, ಅನ್‌ಡೂಗೂ ರದ್ದು. ಮೊದಲನೆಯದು ಇನ್ನೂ ಆಗದ್ದನ್ನು ಬೇಡ ಎನ್ನುವುದು, ಎರಡನೆಯದು ಆದದ್ದನ್ನು ಹಿಂದಕ್ಕೆ ತರುವುದು. ಕಂಟ್ರೋಲ್-ಝಡ್‌ಗೆ ‘ಹಿಂದಿನಂತೆ ಮಾಡು’ ಎನ್ನಿ.

ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ಬಳಸುವವರು ಕೈಪಿಡಿ ಓದುವುದಾದರೆ, ಅಲ್ಲಿ ಕಂಟ್ರೋಲ್-ಸಿ ನಕಲಿಸುವುದಿಲ್ಲ, ಓಡುತ್ತಿರುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಲಿನಕ್ಸ್ ಟರ್ಮಿನಲ್‌ಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಸಿ ತಟ್ಟಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆ. ತಿದ್ದಿದ ಸಾಲುಗಳು ಹೀಗಿವೆ, ಕಣ್ಣಾಡಿಸಿ.

ಹಿಡಿಕೀಲಿ: ಕಂಟ್ರೋಲ್, ಶಿಫ್ಟ್, ಆಲ್ಟ್, ವಿಂಡೋಸ್. ಎಡಗೈಯಿಂದ ಮೊದಲು ಇದನ್ನು ಹಿಡಿದು, ಇನ್ನೊಂದು ಕೀಲಿ ತಟ್ಟಿ, ಕೊನೆಗೆ ಇದನ್ನು ಬಿಡಿ.
ಹಿಂದಿನಂತೆ ಮಾಡಲು: ಕಂಟ್ರೋಲ್ ಹಿಡಿದು ಝಡ್ ತಟ್ಟಿ. ಆರಿಸಿದ ಪಠ್ಯ ಮಾಯವಾಗಿ ಒಂಟಿ ಅಕ್ಷರ ಉಳಿದರೆ ಮೊದಲು ಇದು.
ನಕಲಿಸಲು: ಪಠ್ಯ ಆರಿಸಿ, ಕಂಟ್ರೋಲ್ ಹಿಡಿದು ಸಿ ತಟ್ಟಿ.
ಅಂಟಿಸಲು: ಕಂಟ್ರೋಲ್ ಹಿಡಿದು ವಿ ಒಮ್ಮೆ ತಟ್ಟಿ. ವಿ ಹಿಡಿಯಬೇಡಿ.
ಹಿಂದೆ ನಕಲಿಸಿದ್ದನ್ನು ಅಂಟಿಸಲು: ವಿಂಡೋಸ್ ಹಿಡಿದು ವಿ ತಟ್ಟಿ. ಮೊದಲ ಸಲ ‘ಆನ್’ ಮಾಡಲು ಕೇಳುತ್ತದೆ. 25 ನಕಲುಗಳವರೆಗೆ ಇಟ್ಟುಕೊಳ್ಳುತ್ತದೆ. ಪಿನ್ ಮಾಡದವು ಕಂಪ್ಯೂಟರ್ ಮತ್ತೆ ಶುರುವಾದಾಗ ಇರುವುದಿಲ್ಲ.

ಒಂದು ಕಡೆ ಮಾತ್ರ ಇನ್ನೂ ತೊಡಕು. ಶಿಫ್ಟನ್ನು ಸತತ ಐದು ಸಲ ತಟ್ಟಿದರೆ ಸ್ಟಿಕಿ ಕೀಸ್ ಚಾಲೂ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಹೌದು ಎಂದರೆ ಹಿಡಿಕೀಲಿಯನ್ನು ಹಿಡಿಯಬೇಕಿಲ್ಲ, ತಟ್ಟಿ ಬಿಟ್ಟು ಆಮೇಲೆ ಸಿ ತಟ್ಟಿದರೂ ನಕಲಾಗುತ್ತದೆ. ಒಂದು ಕೈಯಲ್ಲೇ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು. ಅವರ ಪುಟದಲ್ಲಿ ‘ಕಂಟ್ರೋಲ್ ಒತ್ತಿ ಸಿ ಒತ್ತಿ’ ಎಂಬ ಹಳೆಯ ಸಾಲನ್ನೇ ಇಡಬಹುದು ಅಂದುಕೊಂಡಿದ್ದೇನೆ. ‘ಹಿಡಿಕೀಲಿ’ಗೆ ಅಲ್ಲಿ ಏನನ್ನೋಣ?